ಡೆವಲಪರ್‌ಗೆ ಕನ್ನಡ ಬರುವುದಿಲ್ಲ ಎಂದುಕೊಂಡೇ ಬರೆಯಿರಿ

ಎಲ್ಲರಿಗೂ ನಮಸ್ಕಾರ. ತಂತ್ರಾಂಶಗಳಲ್ಲಿ ಕನ್ನಡ ಪಠ್ಯ ಕೆಟ್ಟಾಗ ಅದರ ಬಗ್ ರಿಪೋರ್ಟ್ (ದೋಷದ ವರದಿ) ಬರೆಯುವುದು ಹೇಗೆ ಎಂಬುದಷ್ಟೇ ಇವತ್ತಿನ ವಿಷಯ.

'ಕನ್ನಡ ಸರಿಯಾಗಿ ಕಾಣಿಸುತ್ತಿಲ್ಲ, ದಯವಿಟ್ಟು ಸರಿಪಡಿಸಿ' ಎಂಬ ದೂರು ಎಷ್ಟು ವಿನಯದಿಂದ ಬರೆದರೂ ಮೂಲೆ ಸೇರುತ್ತದೆ. ಅದನ್ನು ತೆರೆಯುವ ಡೆವಲಪರ್ ಯಾವ ದೇಶದವರೋ, ಕನ್ನಡದ ಒಂದಕ್ಷರವೂ ಗೊತ್ತಿರುವುದಿಲ್ಲ. ನೀವು ಕಳಿಸಿದ ಚಿತ್ರದಲ್ಲಿ ತಪ್ಪು ಎಲ್ಲಿದೆ ಎಂದೇ ಅವರಿಗೆ ತಿಳಿಯದು. ನಮಗೆ ಕಣ್ಣಿಗೆ ಚುಚ್ಚುವ ಅರ್ಕಾವೊತ್ತು ಅವರ ಪಾಲಿಗೆ ಇನ್ನೊಂದು ಸುರುಳಿ, ಅಷ್ಟೇ. ಆದ್ದರಿಂದ ವರದಿಯ ಕೆಲಸ ನಮ್ಮ ಬೇಸರ ತಿಳಿಸುವುದಲ್ಲ. ನಮ್ಮ ಯಂತ್ರದಲ್ಲಿ ಆದದ್ದು ಅವರ ಯಂತ್ರದಲ್ಲೂ ಆಗುವಂತೆ ಮಾಡುವುದು, ಆದದ್ದು ಯಾಕೆ ತಪ್ಪು ಎಂದು ಕನ್ನಡ ಬಾರದವರಿಗೂ ಕಾಣಿಸುವುದು.

ಮೊದಲು ತಪ್ಪು ಯಾರದು ನೋಡಬೇಕು. ಪರದೆಯ ಮೇಲೆ ಒಂದು ಪದ ಮೂಡಲು ನಾಲ್ಕು ಜನ ದುಡಿಯುತ್ತಾರೆ: ಪಠ್ಯದ ಸಂಕೇತಗಳು (ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಯುನಿಕೋಡ್ ಕೊಟ್ಟ ಸಂಖ್ಯೆಗಳು), ಫಾಂಟ್, ಒತ್ತಕ್ಷರಗಳನ್ನು ಜೋಡಿಸುವ ಶೇಪಿಂಗ್ ಎಂಜಿನ್, ಕೊನೆಗೆ ಆ್ಯಪ್. ಲಕ್ಷಣ ನೋಡಿಯೇ ಬಹುಪಾಲು ಊಹಿಸಬಹುದು. ಬರೀ ಚೌಕಗಳು ಕಂಡರೆ ಫಾಂಟಿನಲ್ಲಿ ಅಕ್ಷರವಿಲ್ಲ. ಚುಕ್ಕಿಗಳ ವೃತ್ತ ಕಂಡರೆ ಸಾಮಾನ್ಯವಾಗಿ ಸಂಕೇತಗಳ ಕ್ರಮ ತಪ್ಪಿದೆ. ವ್ಯಂಜನವಿಲ್ಲದ ಕಡೆ ಸ್ವರಚಿಹ್ನೆ ಬಂದಿದೆ. 'ಪ್ರ' ಒಡೆದು ವಿರಾಮದೊಂದಿಗೆ (ವ್ಯಂಜನವನ್ನು ಅರ್ಧಾಕ್ಷರವಾಗಿಸುವ ಚಿಹ್ನೆ) 'ಪ್' ಮತ್ತು 'ರ' ಬೇರೆ ಬೇರೆ ನಿಂತರೆ ಶೇಪಿಂಗ್ ನಡೆದಿಲ್ಲ, ಇಲ್ಲವೇ ಫಾಂಟಿನಲ್ಲಿ ಆ ಒತ್ತು ಇಲ್ಲ. ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಪುಟ್ಟ 2 ಅಥವಾ 3, ಹೀಗೆ ಸಾಲುಗಟ್ಟಿದ್ದರೆ ಯುಟಿಎಫ್-8 (ಯುನಿಕೋಡ್ ಸಂಕೇತಗಳನ್ನು ಬೈಟುಗಳಾಗಿ ಉಳಿಸುವ ವಿಧಾನ) ಪಠ್ಯವನ್ನು ಪಾಶ್ಚಾತ್ಯ ಎನ್‌ಕೋಡಿಂಗ್‌ನಲ್ಲಿ ಓದಲಾಗಿದೆ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್. ಮೊದಲನೆಯದು 224, ಎರಡನೆಯದು 178 ಅಥವಾ 179. ಆ ಓರೆಗೆರೆಯ ಅಕ್ಷರವೂ ಪುಟ್ಟ ಅಂಕಿಗಳೂ ಅಲ್ಲಿಂದಲೇ ಬರುವುದು. ಇನ್ನು ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಕಡತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಅದು ಬಗ್ ಅಲ್ಲವೇ ಅಲ್ಲ. ಅದನ್ನು ಯುನಿಕೋಡ್‌ಗೆ ಪರಿವರ್ತಿಸಬೇಕು, ಬ್ರೌಸರ್‌ನವರನ್ನು ದೂರಬಾರದು.

ಲಕ್ಷಣದಿಂದ ತಿಳಿಯದಿದ್ದರೆ ಒಂದೊಂದನ್ನೇ ಬದಲಿಸಿ. ಅದೇ ಪಠ್ಯ, ಅದೇ ಆ್ಯಪ್, ಫಾಂಟ್ ಮಾತ್ರ ಬೇರೆ: ನೋಟೊ ಸಾನ್ಸ್ ಕನ್ನಡ ಹಾಕಿ ನೋಡಿ, ವಿಂಡೋಸ್‌ನಲ್ಲಾದರೆ ನಿರ್ಮಲಾ ಯುಐ. ಸರಿಯಾಯಿತೇ? ಹಾಗಿದ್ದರೆ ದೂರು ಬಹುತೇಕ ಫಾಂಟ್ ಮಾಡಿದವರಿಗೆ. ಆಗಲಿಲ್ಲವೇ? ಅದೇ ಫಾಂಟ್ ಇಟ್ಟು ಆ್ಯಪ್ ಬದಲಿಸಿ. ಇಲ್ಲೊಂದು ಎಚ್ಚರ: ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಮೂರರಲ್ಲೂ ಹಾರ್ಫ್‌ಬಜ್ ಎಂಬ ಒಂದೇ ಶೇಪಿಂಗ್ ಎಂಜಿನ್ ಇದೆ. ಮೂರರಲ್ಲೂ ಕೆಟ್ಟಿತು ಎಂದರೆ ಮೂರು ಸಾಕ್ಷಿ ಸಿಕ್ಕಿತು ಅಂದುಕೊಳ್ಳಬೇಡಿ, ಒಂದೇ ಸಾಕ್ಷಿ ಮೂರು ಸಲ ಹೇಳಿಕೆ ಕೊಟ್ಟಂತೆ. ಹೋಲಿಕೆಗೆ ಮೈಕ್ರೋಸಾಫ್ಟ್ ವರ್ಡ್ ಅಥವಾ ಮ್ಯಾಕ್‌ನ ಸಫಾರಿ ನೋಡಿ. ಅವುಗಳ ಎಂಜಿನ್ ಬೇರೆ.

ಈಗ ಒಂದು ಪದ ಹಿಡಿದು ನೋಡೋಣ: ರ‍್ಯಾಂಕ್. ಇದರಲ್ಲಿ ರ ಪೂರ್ಣವಾಗಿ ನಿಂತು, ಯ ಒತ್ತಾಗಿ ಕೆಳಗೆ ಬರಬೇಕು. ರ, ವಿರಾಮ, ಯ ಎಂದಷ್ಟೇ ಬರೆದರೆ ಸೂರ್ಯದಲ್ಲಿರುವಂತೆ ಅರ್ಕಾವೊತ್ತಾಗುತ್ತದೆ. ಅದನ್ನು ತಡೆಯಲು ರ ಆದ ಮೇಲೆ, ವಿರಾಮಕ್ಕೆ ಮುಂಚೆ, ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಸಂಕೇತ ಇಡಬೇಕು. ದಶಮಾಂಶದಲ್ಲಿ ಹೇಳುವುದಾದರೆ ಇಡೀ ಪದ ಹೀಗೆ: 3248, 8205, 3277, 3247, 3262, 3202, 3221, 3277. ಒಟ್ಟು ಎಂಟು ಸಂಕೇತ.

ಪರದೆಯಲ್ಲಿ ಇದು ಅರ್ಕಾವೊತ್ತಾಗಿ ಕಂಡಿತು ಅನ್ನಿ. ಮೂರು ಕಡೆ ತಪ್ಪಿರಬಹುದು. ಕೀಬೋರ್ಡ್ ಜಾಯ್ನರ್ ಕೊಡಲೇ ಇಲ್ಲ. ಕೊಟ್ಟರೂ ಆ್ಯಪ್ ಉಳಿಸುವಾಗ 'ಅನಗತ್ಯ ಅಕ್ಷರ' ಎಂದು ಕಿತ್ತುಹಾಕಿತು. ಅಥವಾ ಜಾಯ್ನರ್ ಇದ್ದೂ ಶೇಪಿಂಗ್ ಅದನ್ನು ಗಮನಿಸಲಿಲ್ಲ. ಚಿತ್ರ ಮೂರಕ್ಕೂ ಒಂದೇ! ಎಣಿಸಿದರೆ ಮಾತ್ರ ಗೊತ್ತಾಗುತ್ತದೆ. ಪದವನ್ನು ನಕಲಿಸಿ, ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ ಪ್ರತಿ ಅಕ್ಷರದ ಸಂಕೇತಸಂಖ್ಯೆ ಮುದ್ರಿಸಿ. ಒಂದು ಸಾಲಿನ ಕೆಲಸ. ಬೆರಳಚ್ಚಿಸಿದ ಕೂಡಲೇ ಏಳಿದ್ದರೆ ಕೀಬೋರ್ಡಿನ ಬಗ್. ಆಗ ಎಂಟಿದ್ದು, ಉಳಿಸಿ ಮತ್ತೆ ತೆರೆದಾಗ ಏಳಾದರೆ ಆ್ಯಪಿನ ಬಗ್. ಎಂಟೂ ಉಳಿದು ಆಕಾರ ಮಾತ್ರ ತಪ್ಪಿದ್ದರೆ ಫಾಂಟ್ ಅಥವಾ ಶೇಪಿಂಗ್. ಈ ಎಣಿಕೆಯನ್ನು ವರದಿಯಲ್ಲಿ ಹಾಕಿದರೆ ಡೆವಲಪರ್‌ಗೆ ಕನ್ನಡ ಬೇಕಾಗುವುದೇ ಇಲ್ಲ. ಬಗ್ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಯುನಿಕೋಡ್‌ನ ಹದಿನಾರರ (ಹೆಕ್ಸಾಡೆಸಿಮಲ್) ಪದ್ಧತಿಯಲ್ಲಿ ಈ ಸಂಖ್ಯೆಗಳನ್ನು ಬರೆಯುವುದು ರೂಢಿ. ನೀವೂ ಹಾಗೇ ಬರೆಯಿರಿ.

ಇದೇ ಪದದಲ್ಲಿ ಇನ್ನೊಂದು ತೊಡಕಿದೆ. ಹಳೆಯ ಪಠ್ಯಗಳಲ್ಲಿ ಜಾಯ್ನರ್ ವಿರಾಮದ ನಂತರ ಬಂದಿರುವುದುಂಟು. ಹಾರ್ಫ್‌ಬಜ್ ಕನ್ನಡಕ್ಕೆಂದೇ ಆ ಕ್ರಮವನ್ನೂ ಒಪ್ಪಿಕೊಂಡು ಒಳಗೇ ಅದಲುಬದಲು ಮಾಡುತ್ತದೆ. ಅದರ ಸೋರ್ಸ್ ಕೋಡ್‌ನಲ್ಲಿ ಆ ಸಾಲುಗಳ ಮೇಲೆ ಕಾರಣದ ಜೊತೆಗೆ ಅದಕ್ಕೆ ಸಂಬಂಧಿಸಿದ ದೂರಿನ ಕೊಂಡಿಯನ್ನೂ ಬರೆದಿಟ್ಟಿದ್ದಾರೆ. ಯಾರೋ ಸಂಕೇತಗಳ ಕ್ರಮವನ್ನು ಬಿಡಿಸಿ ಹೇಳಿದ್ದರಿಂದ ಅದು ಸಾಧ್ಯವಾಯಿತು.

ಸಂಕೇತಗಳ ಸಾಲಿಗೆ ಎಷ್ಟು ಬೆಲೆ ಎಂಬುದಕ್ಕೆ ನೆರೆಯ ತೆಲುಗಿನದು ಒಳ್ಳೆಯ ಉದಾಹರಣೆ. 2018ರ ಫೆಬ್ರವರಿಯಲ್ಲಿ ಒಂದು ತೆಲುಗು ಅಕ್ಷರ ಬಂದರೆ ಐಫೋನಿನ ಆ್ಯಪ್‌ಗಳು ಕುಸಿಯುತ್ತಿದ್ದವು. ತೆಲುಗಿನ ಜ, ವಿರಾಮ, ಞ, ಜೀರೋ ವಿಡ್ತ್ ನಾನ್-ಜಾಯ್ನರ್ (ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ), ಆ ಸ್ವರದ ಚಿಹ್ನೆ, ಇಷ್ಟೇ ಐದು ಸಂಕೇತ. ಕ್ರಮ ಬಿಡಿಸಿಟ್ಟ ಮೇಲೆ ಬಂಗಾಳಿ, ದೇವನಾಗರಿಯ ಇಂಥವೇ ಜೋಡಣೆಗಳೂ ಕುಸಿತ ತರುತ್ತವೆ ಎಂದು ಆಸಕ್ತರು ಪತ್ತೆಹಚ್ಚಿದರು. ಆ್ಯಪಲ್ ಅದೇ ತಿಂಗಳು ಐಓಎಸ್ 11.2.6ರಲ್ಲಿ ಸರಿಪಡಿಸಿತು.

ಇನ್ನು ಬರವಣಿಗೆ. ಶೀರ್ಷಿಕೆಯಲ್ಲಿ ಆ್ಯಪಿನ ಭಾಗ, ಕ್ರಿಯೆ, ಫಲ ಮೂರೂ ಇರಲಿ. ಲಿಬ್ರೆಆಫೀಸಿನ ಬರವಣಿಗೆಯ ಆ್ಯಪ್ ರೈಟರ್ ಆದರೆ ಹೀಗೆ: 'ರೈಟರ್: ಕಡತ ಉಳಿಸಿ ಮರಳಿ ತೆರೆದಾಗ ರ ನಂತರದ ಜಾಯ್ನರ್ ಕಳೆದುಹೋಗುತ್ತದೆ'. ಹಂತಗಳನ್ನು ಖಾಲಿ ಕಡತದಿಂದ ಆರಂಭಿಸಿ, ಒಂದು ಹಂತಕ್ಕೆ ಒಂದೇ ಕ್ರಿಯೆ. ಏನಾಗಬೇಕಿತ್ತು, ಏನಾಯಿತು, ಎರಡಕ್ಕೂ ಅಕ್ಕಪಕ್ಕ ಚಿತ್ರ, ತಪ್ಪಿದ ಜಾಗಕ್ಕೊಂದು ಕೆಂಪು ವೃತ್ತ. ಇಂಗ್ಲಿಷ್ ಚೆನ್ನಾಗಿ ಬಾರದಿದ್ದರೆ ಚಿಂತೆಯಿಲ್ಲ, ಪುಟ್ಟ ವಾಕ್ಯಗಳು ಸಾಕು. ವಿವರ ಸರಿಯಿದ್ದರೆ ವ್ಯಾಕರಣ ಯಾರೂ ನೋಡುವುದಿಲ್ಲ.

ಚಿತ್ರ ಮಾತ್ರ ಕಳಿಸಿದರೆ ಸಂಕೇತಗಳು ಸಿಗುವುದಿಲ್ಲ. ಪಠ್ಯ ಮಾತ್ರ ಅಂಟಿಸಿದರೆ ಅವರ ಯಂತ್ರದಲ್ಲಿ ಬೇರೆ ಫಾಂಟಿನಲ್ಲಿ ಚೆಂದವಾಗಿ ಕಾಣಬಹುದು, 'ನಮ್ಮಲ್ಲಿ ಸರಿಯಿದೆ' ಎಂದು ಮುಚ್ಚಿಬಿಡುತ್ತಾರೆ. ಎರಡೂ ಬೇಕು, ಜೊತೆಗೆ ಆ ಪದವಿರುವ ಕಡತವೂ. ಇನ್ನೂರು ಪುಟದ ಪುಸ್ತಕ ಲಗತ್ತಿಸಬೇಡಿ. ಅರ್ಧ ಅಳಿಸಿ, ಬಗ್ ಉಳಿಯಿತೇ ನೋಡಿ. ಹೋಗಿದ್ದರೆ ಇನ್ನರ್ಧ ತೆಗೆದುಕೊಳ್ಳಿ. ಎಂಟು ಸಲ ಹೀಗೆ ಮಾಡಿದರೆ ಒಂದು ಪುಟಕ್ಕಿಂತ ಕಡಿಮೆ ಉಳಿಯುತ್ತದೆ. ಕಡತದಲ್ಲಿ ಯಾರದೋ ಹೆಸರು, ಆಧಾರ್ ಸಂಖ್ಯೆ ಇದ್ದರೆ ಬದಲಿಸಿ, ಬದಲಿಸಿದ ಮೇಲೂ ಬಗ್ ಇದೆಯೇ ಎಂದು ಮತ್ತೊಮ್ಮೆ ನೋಡಿ.

ಆವೃತ್ತಿಯ ಜಾಗದಲ್ಲಿ 'ಲೇಟೆಸ್ಟ್' ಎಂದು ಬರೆಯುವವರಿಗೆ ಏನು ಹೇಳುವುದು! ಲಿಬ್ರೆಆಫೀಸ್‌ನ ಹೆಲ್ಪ್ ಮೆನುವಿನ ಅಬೌಟ್‌ನಲ್ಲಿ ಪೂರ್ಣ ವಿವರ ನಕಲಿಸುವ ಗುಂಡಿಯೇ ಇದೆ; ಫೈರ್‌ಫಾಕ್ಸ್‌ನಲ್ಲಿ ವಿಳಾಸಪಟ್ಟಿಯಲ್ಲಿ about:support ಎಂದು ಬರೆದು ಆ ಪುಟ ತೆರೆಯಿರಿ. ಫಾಂಟಿನ ಆವೃತ್ತಿಯನ್ನು ಮರೆಯುವವರೇ ಹೆಚ್ಚು. ಒಂದೇ ಹೆಸರಿನ ಫಾಂಟ್ ಲಿನಕ್ಸ್ ವಿತರಣೆಯಲ್ಲಿ ಒಂದು, ಡೌನ್‌ಲೋಡ್ ಮಾಡಿದ್ದು ಇನ್ನೊಂದು ಆವೃತ್ತಿಯದಾಗಿರಬಹುದು.

ಪಿಡಿಎಫ್ ಬಗ್‌ಗಳಲ್ಲಿ ಕಾಣುವುದು ತಪ್ಪೋ, ನಕಲಿಸಿದಾಗ ಬರುವುದು ತಪ್ಪೋ ಬಿಡಿಸಿ ಹೇಳಿ. ಪಿಡಿಎಫ್‌ನಲ್ಲಿ ಇರುವುದು ಮುಖ್ಯವಾಗಿ ಆಕಾರಗಳು. ಅವನ್ನು ಮರಳಿ ಪಠ್ಯವಾಗಿಸುವ ನಕ್ಷೆ ಬೇರೆ. ಹುಡುಕಾಟ ವಿಫಲವಾಗುವುದಕ್ಕೂ ಬೇರೆ ಕಾರಣ ಇರಬಹುದು: 'ಹೊ' ಎಂಬುದರ ಒಕಾರ ಒಂದೇ ಸಂಕೇತವಾಗಿ, 3274 ಎಂದು, ಇರಬಹುದು, 3270 ಮತ್ತು 3266 ಎಂಬ ಎರಡಾಗಿಯೂ ಇರಬಹುದು. ಯುನಿಕೋಡ್ ಪ್ರಕಾರ ಎರಡೂ ಸಮಾನ, ಕಣ್ಣಿಗೂ ಒಂದೇ, ಹುಡುಕುವ ತಂತ್ರಾಂಶಕ್ಕೆ ಮಾತ್ರ ಬೇರೆಯಾಗಿರಬಹುದು.

ವರದಿ ಹಾಕಿದ ಮೇಲೆ ಬರುವ ಪ್ರಶ್ನೆಗೆ ಬೇಗ ಉತ್ತರಿಸಿ. ಉತ್ತರ ಬಾರದ ದೂರುಗಳನ್ನು ಅನೇಕ ಯೋಜನೆಗಳು ಕೆಲಕಾಲ ಕಾದು ಮುಚ್ಚುತ್ತವೆ. ಪರೀಕ್ಷೆಗೆ ಹೊಸ ಬಿಲ್ಡ್ (ತಿದ್ದಿದ ಆವೃತ್ತಿ) ಕೊಟ್ಟಾಗ ರ‍್ಯಾಂಕ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಸೂರ್ಯ, ಕಾರ್ಯ, ಅರ್ಕ, ಮರ್ತ್ಯ ಬರೆದು ನೋಡಿ, ಅಲ್ಲಿ ಅರ್ಕಾವೊತ್ತು ಮೊದಲಿನಂತೆಯೇ ನಿಂತಿರಬೇಕು. ಸಾಫ್ಟ್‌ವೇರ್ ಎಂಬುದರಲ್ಲಿ ಟ್ ಕೆಳಗೆ ವ ಒತ್ತಾಗಿ ಇಳಿಯಬಾರದು. ಇವುಗಳ ಫಲವನ್ನೂ ಅದೇ ವರದಿಯ ಕೆಳಗೆ, ಬಿಲ್ಡ್ ಸಂಖ್ಯೆಯೊಂದಿಗೆ ದಾಖಲಿಸಿ.