ಮಾಟದ ಗೊಂಬೆಯ ಆಚೆಗೆ

ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಮನಗೂಳಿಯ ಬ್ಯಾಂಕ್ ಕಳ್ಳತನ ವಿಜಯಪುರದವರಾದ ನಮಗೆ ಹೊಸದಾಗಿ ಹೇಳಬೇಕಾದ ಸುದ್ದಿಯಲ್ಲ. 2025ರ ಮೇ ತಿಂಗಳು, ನಾಲ್ಕನೇ ಶನಿವಾರ ಮತ್ತು ಭಾನುವಾರದ ರಜೆ. ರಜೆ ಮುಗಿಯುವ ಹೊತ್ತಿಗೆ ಸುಮಾರು 59 ಕಿಲೋ ಚಿನ್ನ ಮಾಯವಾಗಿತ್ತು. ಆದರೆ ಆ ವಾರ ಚಹಾ ಅಂಗಡಿಗಳಲ್ಲಿ ನಾನು ಹೆಚ್ಚಾಗಿ ಕೇಳಿದ್ದು ಚಿನ್ನದ ಮಾತಲ್ಲ, ಕಳ್ಳರು ಬಿಟ್ಟುಹೋದ ಕಪ್ಪು ಗೊಂಬೆಯ ಮಾತು. ಮಾಟವಂತೆ, ಮಂತ್ರವಂತೆ! ಗೊಂಬೆಯನ್ನು ಇಟ್ಟವರಿಗೂ ಬೇಕಾಗಿದ್ದು ಅದೇ, ನೋಡುವವರ ಕಣ್ಣು ಬೇರೆಡೆ ಹೊರಳಬೇಕಿತ್ತು.

ಮುಂದಿನ ತಿಂಗಳು ಪೊಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕರೊಬ್ಬರಿದ್ದರು. ನಕಲಿ ಕೀಲಿಗಳು ಮೊದಲೇ ಸಿದ್ಧವಾಗಿದ್ದವು, ಸಂಚು ತಿಂಗಳುಗಳಷ್ಟು ಹಳೆಯದು ಎಂಬುದು ಪೊಲೀಸರ ಆರೋಪ. ತೀರ್ಪು ನ್ಯಾಯಾಲಯದ್ದು. ನನ್ನನ್ನು ಕಾಡುವುದು ಆ ಚಿನ್ನ. ಅದು ಜನ ಅಡವಿಟ್ಟ ಒಡವೆ. ಮೇ ಕೊನೆ ಎಂದರೆ ಮುಂಗಾರು ಬಿತ್ತನೆಯ ಸಿದ್ಧತೆ. ಬೀಜ, ಗೊಬ್ಬರ, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಒಟ್ಟಿಗೆ ಬರುವ ಕಾಲ. ಆಗ ನಮ್ಮ ಕಡೆ ಬೋರಮಾಳ, ಪಾಟಲಿ, ಬಿಲವಾರಗಳು ಕಪಾಟಿನಿಂದ ಬ್ಯಾಂಕಿಗೆ ಹೋಗುತ್ತವೆ. ಸುಗ್ಗಿ ಮುಗಿದ ಮೇಲೆ ಬಿಡಿಸಿಕೊಳ್ಳುವ ಆಸೆಯಿಂದ ಇಟ್ಟ ತಾಯಂದಿರ ಬಗ್ಗೆ ನಾವು ಎಷ್ಟು ಸಾಲು ಓದಿದೆವು? ಗೊಂಬೆಯ ಬಗ್ಗೆ ಎಷ್ಟು?

ಅದೇ ವರ್ಷ ಅಕ್ಟೋಬರ್ 19ರ ಬೆಳಗ್ಗೆ ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಕಳ್ಳತನವಾಯಿತು. ಮನೆ ಸಾಮಾನು ಏರಿಸುವ ಏಣಿಯ ಲಾರಿ ತಂದು, ಕಿಟಕಿ ಕತ್ತರಿಸಿ, ಏಳೆಂಟು ನಿಮಿಷಗಳಲ್ಲಿ 8.8 ಕೋಟಿ ಯೂರೋ ಬೆಲೆಯ ರಾಜವಂಶದ ಆಭರಣಗಳೊಂದಿಗೆ ಪರಾರಿ. ನಿಮಿಷಗಳ ಲೆಕ್ಕ ಜಗತ್ತಿಗೆಲ್ಲ ಬಾಯಿಪಾಠವಾಯಿತು. ಮುಂದಿನ ತಿಂಗಳು ಹೊರಬಂದ ಫ್ರಾನ್ಸ್‌ನ ಲೆಕ್ಕಪರಿಶೋಧಕರ ವರದಿ, ಭದ್ರತೆಯ ಕೆಲಸಗಳು ಬಹಳ ಹಿಂದೆ ಬಿದ್ದಿದ್ದವು ಎಂದಿತು. ಏಳು ನಿಮಿಷದ ಸುದ್ದಿಗೆ ವರ್ಷಗಳ ಬೇರು. ಅದನ್ನು ಓದಿದವರು ಕಡಿಮೆ.

ಬೇರು ಎಂದಾಗ ಧಾರವಾಡ ನೆನಪಾಗುತ್ತದೆ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಅವರು ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಅವರ ಪ್ರಯೋಗಗಳಲ್ಲಿ ಒಂದು ಹೆಸರುಕಾಳು ಮತ್ತು ಮೆಂತ್ಯದ್ದಾಗಿತ್ತು. ಅದನ್ನು ರೂಪಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳು. ನಮ್ಮ ಅಡುಗೆಮನೆಯಲ್ಲಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನ ಮೊಳೆಯುವ ಕಾಳಿಗೆ ಇಷ್ಟು ಖರ್ಚೇಕೆ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಸೂಕ್ಷ್ಮ ಕಣಗಳಿವೆ. ಅವು ಭಾರಕ್ಕೆ ತಳಕ್ಕಿಳಿದಾಗಲೇ ಬೇರಿಗೆ ‘ಕೆಳಗೆ’ ಎಂದರೆ ಯಾವ ಕಡೆ ಎಂದು ತಿಳಿಯುವುದು. ಭಾರವೇ ಇಲ್ಲದ ಕಡೆ ಆ ಸೂಚನೆಯೂ ಇಲ್ಲ. ಅಲ್ಲಿ ಮೊಳಕೆ ಹೇಗೆ ಬರುತ್ತದೆ, ಅದರ ಪೋಷಕಾಂಶ ಏನಾಗುತ್ತದೆ? ದೂರದ ಯಾನಗಳಲ್ಲಿ ಮನುಷ್ಯ ತಾನೇ ಬೆಳೆದು ಉಣ್ಣಬೇಕಾದರೆ ಇದು ತಿಳಿದಿರಲೇಬೇಕು. ಉಡಾವಣೆ ಹಲವು ಬಾರಿ ಮುಂದಕ್ಕೆ ಹೋಯಿತು. ಕಾಳುಗಳೂ ಕಾದವು, ಕಳುಹಿಸಿದವರೂ ಕಾದರು. ಕೊನೆಗೆ ಮೊಳಕೆ ಬಂತು.

ಕ್ರೀಡೆಗೆ ಬರುತ್ತೇನೆ. ನವೆಂಬರ್ 2, ನವಿ ಮುಂಬೈ, ಮಹಿಳಾ ವಿಶ್ವಕಪ್ ಕ್ರಿಕೆಟ್‌ನ ಅಂತಿಮ ಪಂದ್ಯ. ಶೆಫಾಲಿ ವರ್ಮಾ ಮೂಲ ತಂಡದಲ್ಲಿರಲಿಲ್ಲ. ಪ್ರತಿಕಾ ರಾವಲ್ ಗಾಯಗೊಂಡ ಕಾರಣ ಸೆಮಿಫೈನಲ್‌ಗೆ ಮುನ್ನ ಕರೆ ಬಂತು. ಅಂತಿಮ ಪಂದ್ಯದಲ್ಲಿ 87 ರನ್, ಎರಡು ವಿಕೆಟ್, ಪಂದ್ಯಶ್ರೇಷ್ಠ ಗೌರವ. ಪವಾಡ ಎಂದರು. ನನಗೆ ಮಾತ್ರ ನಮ್ಮೂರಿನ ರಾಜೇಶ್ವರಿ ಗಾಯಕವಾಡ ಕಣ್ಣಮುಂದೆ ಬಂದರು. 2017ರ ವಿಶ್ವಕಪ್‌ನಲ್ಲಿ ಪಂದ್ಯದ ಮೇಲೆ ಪಂದ್ಯ ಹೊರಗೆ ಕುಳಿತಿದ್ದರು. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಮೊದಲ ಅವಕಾಶ ಸಿಕ್ಕಿತು. 15 ರನ್‌ಗೆ ಐದು ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಕುಸಿಯಿತು, ಭಾರತ ಸೆಮಿಫೈನಲ್ ತಲುಪಿತು. ಮರುದಿನ ಊರಿಗೆ ಊರೇ ಅವರ ಹೆಸರು ಹೇಳಿತು.

ಆದರೆ ಅವರು ಭಾರತ ತಂಡಕ್ಕೆ ಬಂದದ್ದು 2014ರಲ್ಲಿ. ವಿದ್ಯಾರ್ಥಿಗಳೇ, ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳು ಸಿಕ್ಕರೆ 2014, 15, 16ರವನ್ನು ಬಿಚ್ಚಿ. ಕ್ರೀಡಾಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದ ಅಂಕಪಟ್ಟಿಗಳಲ್ಲಿ ಅವರ ಹೆಸರನ್ನು ಹುಡುಕಿ.