ಹೆಚ್ಚುಕಮ್ಮಿ ಎಷ್ಟು?

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ನಿಮ್ಮ ಕುರ್ಚಿಯ ಮೇಲೆ ಒಂದೊಂದು ಚೀಟಿ ಇಟ್ಟಿದ್ದೇವೆ. ಈಗಲೇ ಏನೂ ಬರೆಯಬೇಡಿ. ವಾಚು ಕಟ್ಟಿಕೊಂಡವರು ಬಿಚ್ಚಿ ಜೇಬಿಗೆ ಹಾಕಿ. ಮೊಬೈಲ್ ಮಗುಚಿ ಇಡಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಇವತ್ತು ಮೇ 20, ನಮ್ಮಂಥ ಅಳತೆಯ ಕಸುಬಿನವರ ದಿನ. 1875ರಲ್ಲಿ ಇದೇ ದಿನ ಪ್ಯಾರಿಸ್‌ನಲ್ಲಿ 17 ದೇಶಗಳು, ಅಳತೆಗಳು ಎಲ್ಲ ಕಡೆ ಒಂದೇ ಇರಲಿ ಅಂತ, ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. 2019ರಲ್ಲಿ ಇದೇ ದಿನ ಕಿಲೋಗ್ರಾಂ ತನಗೆ ಮಾದರಿಯಾಗಿದ್ದ ಲೋಹದ ಉರುಳೆಯನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕ ಎನ್ನುವ, ಪ್ರಕೃತಿಯಲ್ಲೇ ಇರುವ ಬದಲಾಗದ ಸಂಖ್ಯೆಯ ಮೇಲೆ ಹೋಗಿ ಕೂತಿತು. ಆ ಕತೆಯೆಲ್ಲ ನಿಮಗೆ ಗೊತ್ತು. ನನಗಿಂತ ಚೆನ್ನಾಗಿ ಗೊತ್ತಿರುವವರು ಮೊದಲ ಸಾಲಿನಲ್ಲೇ ಕೂತಿದ್ದಾರೆ. ಹಾಗಾಗಿ ನಾನು ಒಂದೇ ಒಂದು ಪದ ಹಿಡಿದುಕೊಂಡು ಬಂದಿದ್ದೇನೆ. ಹೆಚ್ಚುಕಮ್ಮಿ.

ಈ ಪದಕ್ಕೆ ನಮ್ಮಲ್ಲಿ ಎರಡು ಅರ್ಥ. "ಹೆಚ್ಚುಕಮ್ಮಿ ನೂರು ಜನ ಬಂದಿದ್ದರು" ಅಂದರೆ ಅಂದಾಜು ನೂರು. "ಏನಾದರೂ ಹೆಚ್ಚುಕಮ್ಮಿ ಆದರೆ ನನ್ನನ್ನು ಕೇಳಬೇಡಿ" ಅಂದರೆ ಎಡವಟ್ಟು. ನಮ್ಮ ಕಸುಬಿನ ಅರ್ಧ ಗೋಳು ಈ ಎರಡನ್ನೂ ಕಲಸಿಬಿಡುವುದರಿಂದಲೇ ಬರುತ್ತದೆ. ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿ, ಅಂದರೆ ಅಳೆಯುವ ಸಾಧನಗಳನ್ನೇ ಅಳೆದು ನೋಡುವ ಕಡೆ, ಬಹಳ ವರ್ಷ ಕೂತವನು ನಾನು. 100 ಗ್ರಾಂ ಬಟ್ಟು ತೂಗಿ, "100.0002 ಗ್ರಾಂ, ಪ್ಲಸ್ ಆರ್ ಮೈನಸ್ 0.0001 ಗ್ರಾಂ" ಅಂತ ಸರ್ಟಿಫಿಕೇಟು ಕೊಟ್ಟರೆ ಗಿರಾಕಿ ಮುಖ ಸಣ್ಣ ಮಾಡಿಕೊಂಡು ಕೇಳುತ್ತಿದ್ದರು: "ಇದೇನ್ ಸಾರ್, ನಿಮಗೇ ಸರಿಯಾಗಿ ಗೊತ್ತಿಲ್ವಾ?" ಗೊತ್ತಿದೆ ಸ್ವಾಮಿ. ಎಷ್ಟು ಗೊತ್ತಿದೆ ಅನ್ನೋದೂ ಗೊತ್ತಿದೆ, ಅದನ್ನೇ ಬರೆದಿದ್ದೇನೆ! ಅನಿಶ್ಚಿತತೆ ಎಂದರೆ ತಪ್ಪು ಅಲ್ಲ. ನಿಜವಾದ ಬೆಲೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಅದು.

ಈಗ ಒಬ್ಬ ಹುಡುಗನ ಕತೆ. ಇದನ್ನು ನಾನು ಎಲ್ಲ ಕಡೆ ಹೇಳುತ್ತೇನೆ. ಹಿಂದೆ ಕೇಳಿದವರು ಕ್ಷಮಿಸಬೇಕು. ಕೇಳಿಲ್ಲದವರ ತರ ನಟಿಸಿದರೂ ಸಾಕು.

ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯ, 1795. ಅಲ್ಲಿನ ರಾಜ ಖಗೋಳಜ್ಞ ನೆವಿಲ್ ಮ್ಯಾಸ್ಕೆಲಿನ್. ಅವರ ಸಹಾಯಕ ಡೇವಿಡ್ ಕಿನೆಬ್ರೂಕ್. ಕೆಲಸ ಏನಪ್ಪಾ ಅಂದರೆ, ದೂರದರ್ಶಕದ ಕಣ್ಣಿನಲ್ಲಿ ಸಣ್ಣ ತಂತಿಗಳು ಅಡ್ಡ ಕಟ್ಟಿರುತ್ತವೆ. ನಕ್ಷತ್ರ ಒಂದು ಕಡೆಯಿಂದ ತೇಲಿ ಬಂದು ಒಂದೊಂದೇ ತಂತಿ ದಾಟುತ್ತದೆ. ಪಕ್ಕದಲ್ಲಿ ಗಡಿಯಾರ ಟಕ್ ಟಕ್ ಅನ್ನುತ್ತಿರುತ್ತದೆ. ಕಣ್ಣು ನಕ್ಷತ್ರದ ಮೇಲೆ, ಕಿವಿ ಗಡಿಯಾರದ ಮೇಲೆ. ಒಂದು ಟಕ್‌ಗೆ ನಕ್ಷತ್ರ ತಂತಿಗಿಂತ ಇಷ್ಟು ಆಚೆ ಇತ್ತು, ಮುಂದಿನ ಟಕ್‌ಗೆ ಇಷ್ಟು ಈಚೆಗೆ ಬಂತು, ಹಾಗಾದರೆ ದಾಟಿದ್ದು ಯಾವಾಗ? ಸೆಕೆಂಡಿನ ಹತ್ತನೇ ಒಂದು ಭಾಗದ ತನಕ ಮನಸ್ಸಿನಲ್ಲೇ ಅಂದಾಜು ಮಾಡಿ ಬರೆಯಬೇಕು. ಚಳಿಯ ರಾತ್ರಿ, ಒಂಟಿ ಕೆಲಸ. ಸುಮ್ನೆ ಕಣ್ಣುಮುಚ್ಚಿ ಊಹಿಸಿಕೊಳ್ಳಿ.

1795ರ ಆಗಸ್ಟ್ ಹೊತ್ತಿಗೆ ಮ್ಯಾಸ್ಕೆಲಿನ್‌ಗೆ ಗೊತ್ತಾಯಿತು, ಹುಡುಗ ತನಗಿಂತ ಅರ್ಧ ಸೆಕೆಂಡ್ ತಡವಾಗಿ ಬರೆಯುತ್ತಿದ್ದಾನೆ ಅಂತ. ಎಚ್ಚರಿಸಿದರು. ಮುಂದಿನ ಜನವರಿಗೆ ವ್ಯತ್ಯಾಸ 0.8 ಸೆಕೆಂಡ್ ಆಗಿತ್ತು. ನೀವು ನಗಬಹುದು, ಮುಕ್ಕಾಲು ಸೆಕೆಂಡಿಗೆ ಇಷ್ಟು ರಂಪವಾ ಅಂತ. ಆದರೆ ಸಮುದ್ರದಲ್ಲಿ ಹಡಗು ಎಲ್ಲಿದೆ ಅಂತ ಲೆಕ್ಕ ಹಾಕುತ್ತಿದ್ದದ್ದು ಇಂಥ ನಕ್ಷತ್ರದ ಸಮಯಗಳನ್ನು ನಂಬಿಯೇ. ಭೂಮಧ್ಯರೇಖೆಯ ಮೇಲೆ ಭೂಮಿ ಸೆಕೆಂಡಿಗೆ ಸುಮಾರು 465 ಮೀಟರ್ ತಿರುಗುತ್ತದೆ. 0.8 ಸೆಕೆಂಡ್ ಅಂದರೆ 370 ಮೀಟರ್. ಆ ಲೆಕ್ಕ ನಂಬಿದ ಹಡಗು ಬಂಡೆಗೆ ಬಡಿಯಲು ಅಷ್ಟು ಸಾಕು. 1796ರಲ್ಲಿ ಕಿನೆಬ್ರೂಕ್ ಕೆಲಸ ಹೋಯಿತು.

ನನಗೆ ಹೊಟ್ಟೆ ಉರಿಯುವುದು ಎಲ್ಲಿ ಅಂದರೆ, ಹುಡುಗ ತಡ ಅಂತ ತೀರ್ಮಾನ ಮಾಡಿದ್ದು ಯಾವುದಕ್ಕೆ ಹೋಲಿಸಿ? ಮ್ಯಾಸ್ಕೆಲಿನ್ ಕಣ್ಣಿಗೆ, ಮ್ಯಾಸ್ಕೆಲಿನ್ ಕಿವಿಗೆ! ಅವರೇ 0.8 ಸೆಕೆಂಡ್ ಆತುರದಲ್ಲಿದ್ದರೋ ಏನೋ. ಇಬ್ಬರೂ ಅರ್ಧರ್ಧ ಆಚೀಚೆ ಇದ್ದರೋ ಏನೋ. ಹೇಳಲು ಮೂರನೆಯ ಸಾಕ್ಷಿಯೇ ಇರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ, ಹಾಗೆ. ವ್ಯತ್ಯಾಸ ಇದ್ದದ್ದು ಇಬ್ಬರ ನಡುವೆ. ಮನೆಗೆ ಹೋದವನು ಮಾತ್ರ ಒಬ್ಬನೇ, ಸಂಬಳ ಕಮ್ಮಿ ಇದ್ದವನು.

ಸುಮಾರು 20 ವರ್ಷ ಕಳೆದ ಮೇಲೆ ಜರ್ಮನ್ ಖಗೋಳಜ್ಞ ಬೆಸೆಲ್ ಇದನ್ನು ಓದಿದರು. ಅವರಿಗೆ ಅನುಮಾನ ಬಂತು. ತಮ್ಮನ್ನೂ ಬೇರೆ ನುರಿತ ಖಗೋಳಜ್ಞರನ್ನೂ ಹೋಲಿಸಿ ನೋಡಿದರು. ಆರ್ಗೆಲಾಂಡರ್ ಎನ್ನುವ ಖಗೋಳಜ್ಞನ ಜೊತೆ ಹೋಲಿಸಿದಾಗ ವ್ಯತ್ಯಾಸ ಒಂದು ಸೆಕೆಂಡಿಗೂ ಜಾಸ್ತಿ! ಇಬ್ಬರೂ ಆ ಕಾಲದ ಘಟಾನುಘಟಿಗಳು, ಯಾರನ್ನು ಕೆಲಸದಿಂದ ತೆಗೆಯುವುದು? ಆಗ ಹುಟ್ಟಿದ್ದೇ ವ್ಯಕ್ತಿಗತ ಸಮೀಕರಣ ಎನ್ನುವ ಮಾತು. ನೋಡುವ ಮನುಷ್ಯನೂ ಒಂದು ಉಪಕರಣ, ಅವನಿಗೂ ಒಂದು ಹೆಚ್ಚುಕಮ್ಮಿ ಇದೆ, ಅದನ್ನೂ ಅಳೆದು ಲೆಕ್ಕಕ್ಕೆ ಹಾಕಿಕೊಳ್ಳಬೇಕು ಅಂತ.

ಸರಿ. ಹಾಗಾದರೆ ಮನುಷ್ಯನನ್ನು ಬಟ್ಟಿನ ತರ ಕ್ಯಾಲಿಬ್ರೇಟ್ ಮಾಡೋಣ ಅಂದರೆ ಏನು ತೊಂದರೆ? ಬಟ್ಟು ನಿನ್ನೆಯದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಮನುಷ್ಯ ಇಟ್ಟುಕೊಳ್ಳುತ್ತಾನೆ. ಒಂದು ಕೈ ಬಿಸಿನೀರಿನಲ್ಲಿ, ಇನ್ನೊಂದು ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಎರಡನ್ನೂ ಒಂದೇ ಉಗುರುಬೆಚ್ಚನೆ ನೀರಿಗೆ ಅದ್ದಿ. ಒಂದು ಕೈ ತಣ್ಣಗಿದೆ ಅನ್ನುತ್ತದೆ, ಇನ್ನೊಂದು ಬಿಸಿ ಅನ್ನುತ್ತದೆ. ಯಜಮಾನ ಒಬ್ಬನೇ, ನೀರೂ ಒಂದೇ.

ಇಲ್ಲೊಂದು ಆಟ ತಂದಿದ್ದೇನೆ. ಎರಡು ಡಬ್ಬಿ, ಒಂದು ದೊಡ್ಡದು, ಒಂದು ಚಿಕ್ಕದು. ಬನ್ನಿ, ಇಬ್ಬರು ಬಂದು ಎತ್ತಿ ನೋಡಿ. ಯಾವುದು ಭಾರ? ಚಿಕ್ಕದು ಅಲ್ವಾ? ಈಗ ತಕ್ಕಡಿಗೆ ಹಾಕುತ್ತೇನೆ. ನೋಡಿದಿರಾ, ಎರಡೂ ಒಂದೇ. ಮತ್ತೆ ಎತ್ತಿ. ಈಗಲೂ ಚಿಕ್ಕದೇ ಭಾರ! ಶಾರ್ಪೆಂಟಿಯೆ ಎನ್ನುವ ಫ್ರೆಂಚ್ ವೈದ್ಯ 1891ರಲ್ಲಿ ಇದನ್ನು ಬರೆದಿಟ್ಟ. ನಿಜ ಗೊತ್ತಾದ ಮೇಲೂ ಕೈ ಒಪ್ಪುವುದಿಲ್ಲ. ನಲವತ್ತು ಸಲ ಎತ್ತಿ ಸರಾಸರಿ ತೆಗೆದರೂ ಹೋಗುವುದಿಲ್ಲ. ಇದು ನಮ್ಮ ಲ್ಯಾಬಿನ ಭಾಷೆಯಲ್ಲಿ ಹೇಳುವುದಾದರೆ ಚದುರುವಿಕೆ ಅಲ್ಲ, ಒಂದೇ ಕಡೆಗೆ ಎಳೆಯುವ ಓಲು.

ಜರ್ಮನಿಯ ವಿಜ್ಞಾನಿ ವೆಬರ್ ಇನ್ನೊಂದು ಕಂಡುಕೊಂಡರು, 1830ರ ದಶಕದಲ್ಲಿ. 100 ಗ್ರಾಂ ಮೇಲೆ 2-3 ಗ್ರಾಂ ಏರಿಸಿದರೆ ಕೈಗೆ ಗೊತ್ತಾಗುತ್ತದೆ ಅನ್ನಿ. 1 ಕಿಲೋ ಮೇಲೆ ಅದೇ 2-3 ಗ್ರಾಂ ಲೆಕ್ಕಕ್ಕೇ ಇಲ್ಲ, 20-30 ಗ್ರಾಂ ಬೇಕು. ಅಲ್ಲಿಯವರೇ ಆದ ಫೆಕ್ನರ್ 1860ರಲ್ಲಿ ಇದರ ಮೇಲೆ ಒಂದು ಶಾಸ್ತ್ರವನ್ನೇ ಕಟ್ಟಿದರು. ಆದರೆ ಅನುಭವವನ್ನು ನಿಜಕ್ಕೂ ಅಳೆಯಬಹುದಾ ಎಂಬ ಜಗಳ ಮುಗಿಯಲಿಲ್ಲ. 1932ರಲ್ಲಿ ಬ್ರಿಟನ್ನಿನ ವಿಜ್ಞಾನ ಸಂಘ ಭೌತವಿಜ್ಞಾನಿಗಳನ್ನೂ ಮನೋವಿಜ್ಞಾನಿಗಳನ್ನೂ ಸೇರಿಸಿ ಒಂದು ಸಮಿತಿ ಮಾಡಿತು. 1940ರಲ್ಲಿ ಕೊನೆಯ ವರದಿ ಬಂತು. ಒಮ್ಮತ ಬರಲಿಲ್ಲ. ಸಮಿತಿಗಳಲ್ಲಿ ಕೂತವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಬಿಡಿ.

ಹೋದ ವರ್ಷ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಆಸ್ಪತ್ರೆಯಲ್ಲಿ ನರ್ಸಮ್ಮ ಕೇಳಿದರು, "ನೋವು ಎಷ್ಟಿದೆ ಸಾರ್? ಸೊನ್ನೆಯಿಂದ ಹತ್ತರೊಳಗೆ ಹೇಳಿ." ಹಾಳಾದ ಅಭ್ಯಾಸ, "ಆರು, ಹೆಚ್ಚುಕಮ್ಮಿ ಒಂದೂವರೆ" ಅಂದೆ. ಅವರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ತಲೆಗೂ ಪೆಟ್ಟಾಗಿದೆಯಾ ಅಂತ ಅನುಮಾನ. ಆಮೇಲೆ ಏಳು ಅಂತ ಬರೆದುಕೊಂಡರು. ಯಾಕಮ್ಮ ಅಂದೆ. "ನೀವು ಆರು ಅನ್ನುವಾಗ ಹಲ್ಲು ಕಚ್ಚಿಕೊಂಡಿದ್ರಿ" ಅಂದರು. ಎಂಥಾ ಅಳತೆಗಾರ್ತಿ ನೋಡಿ! ಉಪಕರಣದ ರೀಡಿಂಗ್ ಜೊತೆ ಉಪಕರಣವನ್ನೂ ಓದಿದರು.

ಆದರೆ ಆ ಏಳನ್ನು ಏನು ಮಾಡಬಹುದು, ಏನು ಮಾಡಬಾರದು? ಇವತ್ತು ಎಂಟು, ನಾಳೆ ನಾಲ್ಕು ಆದರೆ ನೋವು ಇಳಿದಿದೆ ಅನ್ನಬಹುದು. ಅರ್ಧ ಆಗಿದೆ ಅನ್ನಲು ಗ್ಯಾರಂಟಿ ಇಲ್ಲ. ಆ ಮೆಟ್ಟಿಲುಗಳು ಸಮ ಎತ್ತರದವು ಅಂತ ಯಾರೂ ಅಳೆದಿಲ್ಲ. ನನ್ನ ಏಳೂ ಪಕ್ಕದ ಮಂಚದವರ ಏಳೂ ಒಂದೇ ಅನ್ನುವಂತೆಯೂ ಇಲ್ಲ. ನನ್ನ ಹತ್ತನ್ನು ನೋಡಿದವನು ನಾನೊಬ್ಬನೇ. ಒಬ್ಬರದ್ದೇ ನಿನ್ನೆಗೂ ಇವತ್ತಿಗೂ ಹೋಲಿಸಿದರೆ ಆ ಸಂಖ್ಯೆಗೆ ಹೆಚ್ಚು ಬೆಲೆ. ಪಟ್ಟಿ ಮಾಡಿ, ಇಡೀ ವಾರ್ಡಿನ ಸರಾಸರಿ ತೆಗೆದು, ದಶಾಂಶದ ಆಚೆ ಎರಡು ಅಂಕಿ ಹಾಕಿದ ಚಾರ್ಟ್ ನೋಡಿದರೆ ನನಗೆ ಮಣಿಕಟ್ಟು ಮತ್ತೆ ನೋಯುತ್ತದೆ. ಅಲ್ಲಿ ಹೆಚ್ಚುಕಮ್ಮಿ ಎಷ್ಟು ಅಂತ ಬರೆದಿರುವುದೇ ಇಲ್ಲ.

ಸಂಘಟಕರು ಚೀಟಿ ಕಳಿಸಿದ್ದಾರೆ. ಗೊತ್ತಾಯಿತು. ಸದ್ದಿನ ಬಗ್ಗೆ ಹೇಳಬೇಕಿತ್ತು, ಬಿಟ್ಟೆ. ರುಚಿಯ ಬಗ್ಗೆ ಮೂರು ಸ್ಲೈಡ್ ಇವೆ, ಅವೂ ಬೇಡ. ಬಣ್ಣದ್ದೊಂದು ಹೇಳಿ ಬಿಡುತ್ತೇನೆ. ನಿಮ್ಮ ಮೊಬೈಲಿನ ಪರದೆಯ ಬಣ್ಣಗಳ ಲೆಕ್ಕದ ಬುಡ 1931ರ ಪ್ರಮಾಣಿತ ವೀಕ್ಷಕ, ಅಂದರೆ ಬಣ್ಣದ ಲೆಕ್ಕಕ್ಕೆ ಮಾದರಿ ಅಂತ ಇಟ್ಟುಕೊಂಡ ಕಣ್ಣು. ಯಾರಪ್ಪಾ ಈ ವೀಕ್ಷಕ ಅಂದರೆ, ರೈಟ್ ಅವರ ಪ್ರಯೋಗದಲ್ಲಿ ಕೂತ 10 ಜನ, ಗಿಲ್ಡ್ ಅವರ ಪ್ರಯೋಗದಲ್ಲಿ ಕೂತ 7 ಜನ. ಒಟ್ಟು 17 ಜನರ ಕಣ್ಣು. ಅವರೆಲ್ಲರ ಸರಾಸರಿಯಂತೆ ನೋಡುವ ಮನುಷ್ಯ ಅವರಲ್ಲೇ ಒಬ್ಬನೂ ಇದ್ದಿರಲಿಕ್ಕಿಲ್ಲ. ಆದರೂ ಕೆಲಸ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ. ಯಾಕೆಂದರೆ ಅವರು 17 ಜನರ ನಡುವಿನ ವ್ಯತ್ಯಾಸವನ್ನು ಮುಚ್ಚಿಡಲಿಲ್ಲ, ಯಾರನ್ನೂ ಮನೆಗೆ ಕಳಿಸಲಿಲ್ಲ.

ಎರಡನೇ ಚೀಟಿಯೂ ಬಂತು. ಸರಿ, ಈಗ ನಿಮ್ಮ ಚೀಟಿ ತೆಗೆಯಿರಿ. ನಾನು ಎಷ್ಟು ನಿಮಿಷ ಮಾತಾಡಿದೆ, ಬರೆಯಿರಿ. ಪಕ್ಕದಲ್ಲಿ ಹೆಚ್ಚುಕಮ್ಮಿ ಎಷ್ಟು ಅನ್ನುವುದನ್ನೂ ಬರೆಯಿರಿ. ಅದಿಲ್ಲದ ಚೀಟಿ ತಗೊಳ್ಳುವುದಿಲ್ಲ. ಬೇಜಾರಾದವರು ಜಾಸ್ತಿ ಬರೆಯುತ್ತೀರಿ, ಅದೂ ನನಗೆ ಮಾಹಿತಿಯೇ. ಆಮೇಲೆ ಚಹಾದ ಹೊತ್ತಿಗೆ ಎಲ್ಲ ಸೇರಿಸಿ ಬೋರ್ಡಿನ ಮೇಲೆ ಹಾಕೋಣ. ಮೂರನೇ ಸಾಲಿನ ಕೊನೆಯಲ್ಲಿರುವ ಸರ್ ಮಾತ್ರ ಕೊಡಬೇಡಿ. ಎರಡು ಸಲ ಜೇಬಿನಿಂದ ವಾಚು ತೆಗೆದು ನೋಡಿದಿರಿ, ನಾನು ಇಲ್ಲಿಂದ ನೋಡುತ್ತಲೇ ಇದ್ದೆ.