ಒಂದು ಚೌಕದ ತಪ್ಪು

ಈಗ ಪರದೆಯ ಮೇಲೆ ಕಾಣುತ್ತಿರುವುದು ನಾನು ಎರಡು ತಿಂಗಳಿಂದ ಹಾಕುತ್ತಿರುವ ಕ್ರಾಸ್ ಸ್ಟಿಚ್ ಕಸೂತಿ. ನಡುವೆ ಒಂದು ಹಕ್ಕಿ, ಸುತ್ತಲೂ ಎಲೆಬಳ್ಳಿಯ ಅಂಚು. ದೂರದಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಇದೆ. ಕ್ಯಾಮೆರಾವನ್ನು ಕೆಳಗಿನ ಎಡಮೂಲೆಗೆ ತಂದಾಗ ಮಾತ್ರ ನನ್ನ ಗುಟ್ಟು ಬಯಲಾಗುತ್ತದೆ. ಎಡಗಡೆಯಿಂದ ಇಳಿದು ಬಂದ ಬಳ್ಳಿಯೂ ಬಲಗಡೆಯಿಂದ ಸುತ್ತಿ ಬಂದ ಬಳ್ಳಿಯೂ ಇಲ್ಲಿ ಕೂಡಬೇಕಿತ್ತು, ಆದರೆ ಒಂದು ಇನ್ನೊಂದಕ್ಕಿಂತ ಒಂದು ಸಾಲು ಮೇಲೆ ನಿಂತಿದೆ. ಬಲಭಾಗದಲ್ಲಿ 10 ಚೌಕ ಬಿಡಬೇಕಾದ ಕಡೆ ನಾನು 9 ಬಿಟ್ಟಿದ್ದೆ, ಮತ್ತು ಅದು ಗೊತ್ತಾದದ್ದು ಮೂರು ವಾರಗಳ ನಂತರ.

ಕ್ರಾಸ್ ಸ್ಟಿಚ್‌ನ ಹೊಲಿಗೆಯನ್ನು ಕಲಿಯಲು ಅರ್ಧ ಗಂಟೆಯೂ ಬೇಡ. ಒಂದು ಓರೆಗೆರೆ, ಅದರ ಮೇಲೊಂದು ಅಡ್ಡ ಓರೆಗೆರೆ. ಮೇಲಿನ ಗೆರೆ ಎಲ್ಲ ಚೌಕಗಳಲ್ಲೂ ಒಂದೇ ದಿಕ್ಕಿಗೆ ವಾಲಿರಬೇಕು ಎಂಬುದೊಂದನ್ನು ನೆನಪಿಟ್ಟರೆ ಮುಗಿಯಿತು. ಕೆಲಸ ಕೆಡುವುದು ಕೈಯಿಂದಲ್ಲ, ಎಣಿಕೆಯಿಂದ. ಆದ್ದರಿಂದ ಯಾವುದೇ ಸಲಕರಣೆಯನ್ನು ನೋಡಿದಾಗಲೂ ನಾನು ಕೇಳಿಕೊಳ್ಳುವುದು, ಎಣಿಕೆಯ ತಪ್ಪನ್ನು ಇದು ಬೇಗ ಹಿಡಿದುಕೊಡುತ್ತದೆಯೇ ಎಂದು. ಬರೀ ಚೆಂದಕ್ಕೆಂದು ಕೊಂಡ ಸಾಮಾನುಗಳು ನನ್ನ ಡಬ್ಬಿಯ ತಳದಲ್ಲಿ ಧೂಳು ಹಿಡಿಯುತ್ತಿವೆ.

ಮೊದಲ ಎಣಿಕೆ ಬಟ್ಟೆಯದು. ಕ್ರಾಸ್ ಸ್ಟಿಚ್‌ಗೆಂದೇ ಚೌಕ ಚೌಕವಾಗಿ ನೇಯ್ದ ಐಡಾ ಬಟ್ಟೆಯನ್ನು 11, 14, 16, 18 ಎಂಬ ಕೌಂಟ್‌ಗಳಲ್ಲಿ ಮಾರುತ್ತಾರೆ. ಅಂದರೆ ಒಂದು ಅಂಗುಲದಲ್ಲಿ ಅಷ್ಟು ಚೌಕಗಳು. ವಿನ್ಯಾಸವು 140 ಹೊಲಿಗೆ ಅಗಲ, 98 ಹೊಲಿಗೆ ಎತ್ತರ ಇದೆ ಎನ್ನೋಣ. 14 ಕೌಂಟ್ ಬಟ್ಟೆಯಲ್ಲಿ ಅದು 10 ಅಂಗುಲಕ್ಕೆ 7 ಅಂಗುಲ ಆಗುತ್ತದೆ. ಚೌಕಟ್ಟು ಹಾಕಿಸಲು ನಾಲ್ಕೂ ಕಡೆ 3 ಅಂಗುಲ ಬಿಟ್ಟರೆ, ಕತ್ತರಿಸಬೇಕಾದ ಬಟ್ಟೆ 16 ಅಂಗುಲಕ್ಕೆ 13 ಅಂಗುಲ. ಈ ಮೂರು ಅಂಗುಲದಲ್ಲಿ ಜಿಪುಣತನ ಮಾಡಬಾರದು. ಕತ್ತರಿಸಿದ ಕೂಡಲೇ ಅಂಚಿಗೆ ಒರಟಾಗಿಯಾದರೂ ಒಂದು ಸುತ್ತು ಹೊಲಿಗೆ ಹಾಕಿ, ಇಲ್ಲವಾದರೆ ಎಳೆಗಳು ಕಳಚುತ್ತ ಬರುತ್ತವೆ. ಬಟ್ಟೆಯನ್ನು ಎರಡು ಬಾರಿ ಮಡಿಸಿದಾಗ ಮಡಿಕೆಗಳು ಸೇರುವ ಬಿಂದುವೇ ನಡುಮಧ್ಯ. ಅಲ್ಲಿಂದ ಶುರು ಮಾಡಿದರೆ ವಿನ್ಯಾಸ ಒಂದು ಬದಿಗೆ ಸರಿದುಬಿಡುವ ಭಯವಿಲ್ಲ.

ಈಗ ನನ್ನ ಕೈಯಲ್ಲಿರುವುದನ್ನು ಹತ್ತಿರದಿಂದ ನೋಡಿ. ಇದು ಮೀನು ಹಿಡಿಯುವವರು ಬಳಸುವ ತೆಳು ನೈಲಾನ್ ದಾರ. ಹೊಲಿಗೆ ಶುರು ಮಾಡುವ ಮುನ್ನ ಬಟ್ಟೆಯ ಉದ್ದಕ್ಕೂ ಅಡ್ಡಕ್ಕೂ ಪ್ರತಿ 10 ಚೌಕಕ್ಕೊಂದರಂತೆ ಇದನ್ನು ಉದ್ದುದ್ದ ಹೊಲಿಗೆಯಲ್ಲಿ ಹಾಯಿಸುತ್ತೇನೆ. ಯಾವ ಚೌಕಕ್ಕೆ ಯಾವ ಬಣ್ಣ ಎಂದು ಚಿಹ್ನೆಗಳಲ್ಲಿ ತೋರಿಸುವ ಕಾಗದದ ನಕ್ಷೆಯಲ್ಲಿಯೂ ಸಾಮಾನ್ಯವಾಗಿ ಹತ್ತು ಚೌಕಕ್ಕೊಂದು ದಪ್ಪ ಗೆರೆ ಇರುವುದರಿಂದ, ಬಟ್ಟೆಯ ಮೇಲಿನ ಗೆರೆಯೂ ಕಾಗದದ ಗೆರೆಯೂ ಒಂದಕ್ಕೊಂದು ತಾಳೆಯಾಗುತ್ತವೆ, ಎಣಿಕೆ ತಪ್ಪಿದರೆ ಆ ಹತ್ತರ ಮನೆಯೊಳಗೇ ಸಿಕ್ಕಿಬೀಳುತ್ತದೆ. ಮಾಮೂಲಿ ಹತ್ತಿ ದಾರವನ್ನೂ ಬಳಸಬಹುದು, ಆದರೆ ಸೂಜಿ ಅದರ ಎಳೆಗಳನ್ನು ಸೀಳಿಕೊಂಡು ಹೋಗಿ ಕೊನೆಗೆ ಬಿಡಿಸುವುದು ಕಷ್ಟವಾಗುತ್ತದೆ; ನೈಲಾನನ್ನು ಸೂಜಿ ಸೀಳುವುದಿಲ್ಲ, ಕೆಲಸ ಮುಗಿದ ಮೇಲೆ ತುದಿ ಹಿಡಿದು ಎಳೆದರೆ ಸರ್ರನೆ ಬಂದುಬಿಡುತ್ತದೆ. ಇಡೀ ಬಟ್ಟೆಗೆ ಈ ಗೆರೆ ಹಾಕಲು ಒಂದು ಸಂಜೆ ಹಿಡಿಯುತ್ತದೆ ಎಂದು ಬೇಸರಪಟ್ಟು, ಈ ಹಕ್ಕಿಯ ಕಸೂತಿಗೆ ಮಾತ್ರ ನಾನು ಗೆರೆ ಹಾಕಿರಲಿಲ್ಲ. ಉಳಿಸಿದ್ದು ಒಂದು ಸಂಜೆ, ತೆತ್ತದ್ದು ಮೂರು ವಾರ.

ಗೆರೆಗೆ ಪೆನ್ನು ಬಳಸುವವರೂ ಇದ್ದಾರೆ. ನೀರಿನಲ್ಲಿ ಕರಗುವ ನೀಲಿ ಪೆನ್ನಾದರೆ, ತಣ್ಣೀರಿನಲ್ಲಿ ಪೂರ್ತಿ ತೊಳೆಯುವವರೆಗೆ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಹತ್ತಿರ ತರಬಾರದು, ಏಕೆಂದರೆ ಬಿಸಿ ತಗುಲಿದರೆ ಆ ಬಣ್ಣ ಅಲ್ಲೇ ಕಚ್ಚಿಕೊಳ್ಳಬಹುದು. ಬಿಸಿಗೆ ಮಾಯವಾಗುವ ಪೆನ್ನನ್ನು ನಾನು ನಂಬುವುದಿಲ್ಲ. ಅದರ ಶಾಯಿ ಬಿಸಿಗೆ ಬಣ್ಣ ಕಳೆದುಕೊಳ್ಳುತ್ತದೆಯೇ ಹೊರತು ಬಟ್ಟೆಯನ್ನು ಬಿಟ್ಟು ಹೋಗುವುದಿಲ್ಲ. ಶೂನ್ಯಕ್ಕಿಂತ 10–20 ಡಿಗ್ರಿ ಕೆಳಗಿನ ಚಳಿ ತಾಗಿದರೆ ಗೆರೆಗಳು ಮರಳಿ ಮೂಡುತ್ತವೆ. ಅನುಮಾನವಿದ್ದವರು ಒಂದು ತುಂಡು ಬಟ್ಟೆಯಲ್ಲಿ ಗೆರೆ ಎಳೆದು, ಇಸ್ತ್ರಿ ಮಾಡಿ, ಫ್ರೀಜರಿನಲ್ಲಿಟ್ಟು ನೋಡಬಹುದು.

ಹಾಕಿ ಮುಗಿಸಿದ ಹೊಲಿಗೆಗಳ ಚೌಕಗಳಿಗೆ ನಕ್ಷೆಯ ಮೇಲೆ ತಿಳಿಬಣ್ಣದ ಹೈಲೈಟರ್ ಬಳಿಯಿರಿ, ಚಿಹ್ನೆಗಳು ಕೆಳಗಿನಿಂದ ಕಾಣುತ್ತಿರಲಿ. ಬಿಚ್ಚಬೇಕಾಗಿ ಬಂದಾಗ ಅವು ಬೇಕಾಗುತ್ತವೆ. ಮೂಲ ಪ್ರತಿಯ ಮೇಲೆ ಬಳಿಯದೆ, ಸ್ವಂತ ಬಳಕೆಗೆಂದು ಸ್ವಲ್ಪ ದೊಡ್ಡದು ಮಾಡಿ ತೆಗೆದ ಜೆರಾಕ್ಸ್ ಮೇಲೆ ಬಳಿದರೆ ಕಣ್ಣಿಗೂ ಒಳ್ಳೆಯದು.

ಇನ್ನು ದಾರ. ಕಸೂತಿ ದಾರದ ಲಡಿ ಸಾಮಾನ್ಯವಾಗಿ 8 ಮೀಟರ್ ಉದ್ದವಿದ್ದು, ಅದರಲ್ಲಿ ಆರು ಎಳೆಗಳಿರುತ್ತವೆ. 14 ಕೌಂಟ್‌ಗೆ ಎರಡು ಎಳೆ, 11 ಕೌಂಟ್‌ಗೆ ಮೂರು ಎಳೆ ಒಪ್ಪುತ್ತದೆ. ಎರಡು ಎಳೆಯನ್ನು ಒಟ್ಟಿಗೆ ಎಳೆದರೆ ಉಳಿದ ನಾಲ್ಕು ಗೋಜಲಾಗುತ್ತವೆ. ಒಂದೊಂದನ್ನೇ ನೇರ ಮೇಲಕ್ಕೆ ಎಳೆದು, ಆಮೇಲೆ ಜೊತೆ ಮಾಡಿ. ಉದ್ದ ಸುಮಾರು 45 ಸೆಂಟಿಮೀಟರ್ ಇದ್ದರೆ ಸಾಕು. ಮತ್ತೆ ಮತ್ತೆ ಪೋಣಿಸುವ ಸೋಮಾರಿತನಕ್ಕೆ ಮಾರುದ್ದ ದಾರ ತೆಗೆದುಕೊಂಡರೆ, ತುದಿಗೆ ಬರುವಷ್ಟರಲ್ಲಿ ಅದು ಬಟ್ಟೆಗೆ ಉಜ್ಜಿ ಉಜ್ಜಿ ಹೊಳಪು ಕಳೆದುಕೊಂಡಿರುತ್ತದೆ. ಮಿನುಗುವ ಜರಿಯಂಥ ದಾರವಾದರೆ ಇನ್ನೂ ಚಿಕ್ಕದಿರಲಿ.

ನನಗೆ ಬಹಳ ಇಷ್ಟವಾದ ಉಪಾಯವನ್ನು ಈಗ ನಿಧಾನವಾಗಿ ತೋರಿಸುತ್ತೇನೆ. ಎರಡು ಪಟ್ಟು ಉದ್ದದ ಒಂದೇ ಎಳೆಯನ್ನು ನಡುವೆ ಮಡಿಸಿ, ಎರಡೂ ತುದಿಗಳನ್ನು ಸೂಜಿಯ ಕಣ್ಣಿಗೆ ಪೋಣಿಸಿ. ಬಟ್ಟೆಯ ಹಿಂದಿನಿಂದ ಸೂಜಿಯನ್ನು ಮೇಲೆ ತಂದಾಗ ಕುಣಿಕೆಯನ್ನು ಪೂರ್ತಿ ಎಳೆಯದೆ ಹಿಂದೆಯೇ ಬಿಡಿ. ಓರೆಯಾಗಿ ಕೆಳಗೆ ಚುಚ್ಚಿ, ಬಟ್ಟೆಯನ್ನು ತಿರುಗಿಸಿ, ಸೂಜಿಯನ್ನು ಆ ಕುಣಿಕೆಯೊಳಗೆ ತೂರಿಸಿ ಮೆಲ್ಲಗೆ ಎಳೆಯಿರಿ. ಗಂಟೇ ಇಲ್ಲದೆ ದಾರ ಭದ್ರವಾಯಿತು. ಹಿಂದೆ ಗಂಟು ಹಾಕಿದರೆ ಚೌಕಟ್ಟು ಹಾಕಿಸಿದಾಗ ಮುಂದೆ ಉಬ್ಬು ಕಾಣುತ್ತದೆ. ಈ ಉಪಾಯ ಎರಡು, ನಾಲ್ಕು ಎಳೆಗಳಿಗೆ ಮಾತ್ರ ನಡೆಯುತ್ತದೆ, ಮೂರಕ್ಕೆ ನಡೆಯದು. ನಡುನಡುವೆ ಸೂಜಿಯನ್ನು ಕೈಬಿಟ್ಟು ತೂಗಾಡಲು ಬಿಟ್ಟರೆ ದಾರದ ಹುರಿ ತಾನಾಗಿ ಬಿಡಿಸಿಕೊಳ್ಳುತ್ತದೆ.

ಸೂಜಿ ಮೊಂಡು ಮೂತಿಯದೇ ಆಗಿರಲಿ: 14 ಕೌಂಟ್‌ಗೆ 24ನೇ ನಂಬರು, 18ಕ್ಕೆ 26. ಎದ್ದು ಹೋಗುವಾಗ ಸೂಜಿಯನ್ನು ಹಿಡಿದಿಡಲು ಬಟ್ಟೆಯ ಮೇಲೊಂದು, ಕೆಳಗೊಂದು ಸಣ್ಣ ಅಯಸ್ಕಾಂತ ಇಟ್ಟರೆ ಸಾಕು. ಬಟ್ಟೆಯನ್ನು ಬಿಗಿಯಾಗಿ ಹಿಡಿದಿಡುವ ಹೂಪನ್ನು ದಿನದ ಕೆಲಸ ಮುಗಿದ ಕೂಡಲೇ ಬಿಚ್ಚಿಡಿ, ಇಲ್ಲದಿದ್ದರೆ ಅದರ ಬಳೆಯಂಥ ಗುರುತು ಬಟ್ಟೆಯಲ್ಲಿ ಕೂತುಬಿಡುತ್ತದೆ. ದೀಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಡುನೀಲಿಯನ್ನು ಕಪ್ಪೆಂದು ತಿಳಿದು ರಾತ್ರಿಯೆಲ್ಲ ಹೊಲಿದವರಿಗೆ ಬಿಳಿ ಬೆಳಕಿನ ದೀಪದ ಬೆಲೆ ಗೊತ್ತು.

ಮತ್ತೆ ನನ್ನ ಮೂಲೆಗೆ ಬರೋಣ. ಎಣಿಕೆಯ ತಪ್ಪು ಹಕ್ಕಿಯ ರೆಕ್ಕೆಯಲ್ಲಿ ಆಗಿದ್ದರೆ ನಾನು ಬಿಚ್ಚುತ್ತಿರಲಿಲ್ಲ, ಪಕ್ಕದ ಚೌಕವನ್ನು ಸ್ವಲ್ಪ ಹೊಂದಿಸಿದರೆ ಯಾರಿಗೂ ತಿಳಿಯದು. ಅಂಚು ಹಾಗಲ್ಲ, ಅದು ಕೂಡಲೇಬೇಕು. ಆದ್ದರಿಂದ ಚೂಪು ತುದಿಯ ಪುಟ್ಟ ಕತ್ತರಿಯಿಂದ ಹಿಂಭಾಗದ ಎಳೆಗಳನ್ನು ಎರಡು ಮೂರು ಹೊಲಿಗೆಗೊಮ್ಮೆ ಕತ್ತರಿಸಿ, ತುಂಡುಗಳನ್ನು ಚಿಮುಟದಿಂದ ಮುಂದಿನಿಂದ ಎತ್ತುತ್ತಿದ್ದೇನೆ. ಉಳಿದ ಬಣ್ಣದ ಜುಂಗನ್ನು ಅಂಟುಪಟ್ಟಿ ಒತ್ತಿ ತೆಗೆದರೆ ಬಟ್ಟೆ ಚೊಕ್ಕಟವಾಗುತ್ತದೆ. ಬಿಚ್ಚಿದ ದಾರವನ್ನು ಮತ್ತೆ ಬಳಸಲು ಹೋಗಬೇಡಿ, ಅದು ಸವೆದಿರುತ್ತದೆ. ಬಿಚ್ಚಿ ಮುಗಿದ ಜಾಗಕ್ಕೆ ತಡವಾಗಿಯಾದರೂ ನೈಲಾನ್ ಗೆರೆಗಳು ಬಂದಿವೆ.

ಮೂಲೆ ಕೂಡಿದ ಮೇಲೆ ಉಳಿಯುವುದು ತೊಳೆಯುವ ಕೆಲಸ. ತಣ್ಣೀರು, ಸೌಮ್ಯವಾದ ಸೋಪು, ಹಿಂಡುವಂತಿಲ್ಲ. ಹಕ್ಕಿಯ ಎದೆಯ ಕೆಂಪು ಬಣ್ಣ ಬಿಟ್ಟರೆ ಗಾಬರಿಪಟ್ಟು ಒಣಗಲು ಹಾಕಬೇಡಿ, ನೀರು ತಿಳಿಯಾಗುವವರೆಗೆ ತಣ್ಣೀರಿನಲ್ಲಿ ಜಾಲಿಸುತ್ತಲೇ ಇರಿ. ನಂತರ ದಪ್ಪ ಟವೆಲಿನಲ್ಲಿ ಸುರುಳಿ ಸುತ್ತಿ ನೀರನ್ನು ಒತ್ತಿ ತೆಗೆದು, ಇನ್ನೊಂದು ಒಣ ಟವೆಲಿನ ಮೇಲೆ ಕಸೂತಿಯನ್ನು ಮಗುಚಿ ಹಾಕಿ, ಹಿಂಭಾಗದಿಂದ ಇಸ್ತ್ರಿ ಮಾಡಿ. ಹೊಲಿಗೆಗಳು ಟವೆಲಿನ ಮೆತ್ತೆಯಲ್ಲಿ ಹುದುಗಿಕೊಳ್ಳುವುದರಿಂದ ಅವುಗಳ ಉಬ್ಬು ಚಪ್ಪಟೆಯಾಗುವುದಿಲ್ಲ.